ದುರ್ಯೋಧನನ ಪಾತ್ರಕ್ಕೆ ಎಷ್ಟು?

ಬೆಳ್ಳಾವಿ, ಗುಬ್ಬಿ, ಕುಣಿಗಲ್ ಸುತ್ತಿನ ಯಾವುದೋ ಊರಿನಲ್ಲಿ ನಾಟಕ ಕಲಿಯುತ್ತಿದ್ದಾರೆ ಎಂದು ಸುದ್ದಿಯಾದರೆ ಯಾವ ನಾಟಕ ಎಂದು ಯಾರೂ ಕೇಳುವುದಿಲ್ಲ. ಕುರುಕ್ಷೇತ್ರವೇ ಇರುತ್ತದೆ, ಇಲ್ಲದಿದ್ದರೆ ದಕ್ಷಯಜ್ಞವೋ ಶನಿಪ್ರಭಾವವೋ ಸಂಪೂರ್ಣ ರಾಮಾಯಣವೋ. ಜನ ಕೇಳುವುದು ಎರಡೇ ಮಾತು: ‘ದುರ್ಯೋಧನ ಯಾರದು? ಎಷ್ಟಕ್ಕೆ ಹೋಯ್ತು?’ ಪಾತ್ರಕ್ಕೆ ದುಡ್ಡು ಕೊಡುವವನು ಪಾತ್ರಧಾರಿಯೇ. ನೋಡಲು ಬಂದವರಿಗೆ ಟಿಕೆಟ್ಟಿಲ್ಲ, ರಾತ್ರಿ ಒಂಬತ್ತಕ್ಕೆ ಬಂದು ಬೆಳಗಿನ ಜಾವದವರೆಗೆ ಪುಕ್ಕಟೆ ಕೂರಬಹುದು.

ನಮ್ಮ ರಂಗವಿಮರ್ಶೆ ಈ ನಾಟಕಗಳನ್ನು ಒಂದೋ ಗೇಲಿ ಮಾಡಿದೆ, ಇಲ್ಲವೇ ಜಾನಪದದ ಗೂಡಿಗೆ ಹಾಕಿ ಕೈತೊಳೆದುಕೊಂಡಿದೆ. ಹವ್ಯಾಸಿ ರಂಗಭೂಮಿಯವರ ದೂರುಗಳು ಹಳೆಯವು: ಅದೇ ಕಥೆ, ಅದೇ ಮಟ್ಟು, ಅಗತ್ಯಕ್ಕಿಂತ ಉದ್ದ, ಒಬ್ಬೊಬ್ಬ ನಟನಿಗೂ ಸಾಲದ ಸಂಯಮ. ದೂರುಗಳೆಲ್ಲ ನಿಜ. ಆದರೆ ಇವುಗಳ ಕಾರಣವನ್ನು ರುಚಿಯಲ್ಲಿ ಹುಡುಕುವ ಬದಲು ಲೆಕ್ಕದ ಪುಸ್ತಕದಲ್ಲಿ ಹುಡುಕಬೇಕು ಎಂಬುದು ನನ್ನ ವಾದ. ಗುಬ್ಬಿ ಕಂಪನಿಯ ಕಾಲದಲ್ಲಿ ದುಡ್ಡು ಕೊಡುತ್ತಿದ್ದವನು ಬೆಂಚಿನ ಮೇಲೆ ಕೂತಿದ್ದ. ಈಗ ಅವನು ಎದ್ದು ರಂಗದ ಮೇಲೆ ಹೋಗಿದ್ದಾನೆ. ಮಿಕ್ಕದ್ದೆಲ್ಲ ಅದರ ಹಿಂದೆಯೇ ಬಂದದ್ದು.

ಮೊದಲು ಬೆಂಚಿನ ಕಾಲ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಬಾಲನಟನಾಗಿ ಅದರೊಳಗೆ ಬೆಳೆದ ವೀರಣ್ಣನವರು 1917ರ ಹೊತ್ತಿಗೆ ಕಂಪನಿಯ ಯಜಮಾನರಾದರು. ಕ್ಯಾಂಪ್ ಹಾಕುವುದು, ಕಲೆಕ್ಷನ್ ನೋಡುವುದು, ಬಿದ್ದರೆ ಗಂಟುಮೂಟೆ ಕಟ್ಟುವುದು ಕಂಪನಿಗಳ ದಿನಚರಿ. ಒಂದು ಊರಿನ ಜನ ಒಂದೇ ನಾಟಕವನ್ನು ಎಷ್ಟು ಸಲ ದುಡ್ಡು ಕೊಟ್ಟು ನೋಡಿಯಾರು? ಹೊಸದು ಬೇಕು, ಇಲ್ಲವೇ ಹಳೆಯದನ್ನೇ ಹೊಸ ಬೆರಗಿನೊಂದಿಗೆ ಕೊಡಬೇಕು. 1930ರ ದಶಕದಲ್ಲಿ ವೀರಣ್ಣ ಕುರುಕ್ಷೇತ್ರಕ್ಕೆ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದ್ದು ಭಕ್ತಿಯಿಂದೇನಲ್ಲ, ಗೇಟಿನ ಲೆಕ್ಕದಿಂದ. ಆ ಲೆಕ್ಕದ ಒತ್ತಡವೇ ಬೆಳ್ಳಾವಿಯ ಒಬ್ಬ ಬರಹಗಾರನಿಗೆ ಅನ್ನ ಹಾಕಿತು.

ಬೆಳ್ಳಾವೆ ನರಹರಿ ಶಾಸ್ತ್ರಿಗಳನ್ನು ಇಂದು ಚಲನಚಿತ್ರ ಇತಿಹಾಸದವರು ಮಾತ್ರ ನೆನೆಯುತ್ತಾರೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದವರು ಅವರು. ಚಿತ್ರ ತಯಾರಾದದ್ದು ಕೊಲ್ಹಾಪುರದಲ್ಲಿ, ಇಂದ್ರಜಿತು ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾಯರು. ಅದಕ್ಕೂ ಮೊದಲು ಶಾಸ್ತ್ರಿಗಳು ಕಂಪನಿಗಳಿಗೆ ‘ಸದಾರಮೆ’, ‘ಕೃಷ್ಣಲೀಲೆ’ಯಂಥ ನಾಟಕಗಳನ್ನು ಬರೆದುಕೊಟ್ಟಿದ್ದರು. ಸದಾರಮೆಯ ಕಳ್ಳನ ಪಾತ್ರ ವೀರಣ್ಣನವರ ಹೆಸರಿಗೇ ಅಂಟಿಕೊಂಡಿತು. ನಾಟಕ 1935ರಲ್ಲಿ ಸಿನಿಮಾ ಆಯಿತು, 1956ರಲ್ಲಿ ಮತ್ತೊಮ್ಮೆ ಆಯಿತು, ಆಮೇಲೆ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ಸ್ಪಂದನ ತಂಡದಲ್ಲಿ ಅದನ್ನು ಮತ್ತೆ ರಂಗಕ್ಕೆ ತಂದರು. ಇಷ್ಟು ಕಾಲ ಬಾಳಿದ್ದಕ್ಕೆ ಕಾರಣ ಕಾವ್ಯಗುಣ ಎಂದು ನಾನು ಹೇಳಲಾರೆ. ಆ ಕಳ್ಳ ಸುಮ್ಮನೆ ನಗಿಸುವುದಿಲ್ಲ. ಕಥೆ ಭಾರವಾಗುವ ಹೊತ್ತಿಗೆ ಸರಿಯಾಗಿ ಬಂದು ಅದನ್ನು ಎತ್ತಿಕೊಳ್ಳುತ್ತಾನೆ. ನಾಲ್ಕಾಣೆ ಕೊಟ್ಟು ನೆಲದ ಮೇಲೆ ಕೂತವನು ಯಾವಾಗ ಆಕಳಿಸುತ್ತಾನೆ ಎಂದು ಬಲ್ಲವನು ಮಾತ್ರ ಹಾಗೆ ಬರೆದಾನು.

ಟಿಕೆಟ್ಟಿನ ಲೆಕ್ಕ ಕಲೆಯನ್ನು ಕೆಡಿಸುತ್ತದೆ ಎಂದು ಕಲಿತವರು ನಾವು. ಈ ಪರಂಪರೆಯಲ್ಲಿ ಆದದ್ದು ತಿರುಗುಮುರುಗು. ಲೆಕ್ಕ ಇದ್ದಷ್ಟು ದಿನ ಹೊಸ ಬರವಣಿಗೆ ಇತ್ತು.

ಲೆಕ್ಕ ಎಂದಾಗ ಇನ್ನೊಂದು ಲೋಕದ ಮಾತು ಎತ್ತಬೇಕು. ನಮ್ಮ ಮನೆಗಳ ಹುಡುಗರು ಈಗ ದಿನಗಟ್ಟಲೆ ವಾದ ಮಾಡುವುದು ಆ ಲೋಕದ ಮೇಲೆಯೇ. ವಿಡಿಯೋ ಗೇಮುಗಳಲ್ಲಿ ಪಾತ್ರ ವಹಿಸಿ ಆಡುವ ಆಟಗಳದ್ದೇ ಒಂದು ಶಾಖೆಯಿದೆ. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟ ಅದರ ಮೂಲ. ಜಪಾನಿನಲ್ಲಿ 1986ರ ‘ಡ್ರ್ಯಾಗನ್ ಕ್ವೆಸ್ಟ್’, 1987ರ ‘ಫೈನಲ್ ಫ್ಯಾಂಟಸಿ’ ಅದನ್ನು ಮನೆಮನೆಯ ಆಟವಾಗಿಸಿದವು. ಅಮೆರಿಕದ ಮಾರಾಟದ ಪಟ್ಟಿಯನ್ನು ಎನ್‌ಪಿಡಿ ಎಂಬ ಸಂಸ್ಥೆ (ಈಗ ಸರ್ಕಾನಾ) ತಿಂಗಳಿಗೊಮ್ಮೆ ಹೊರಡಿಸುತ್ತದೆ. ಪಟ್ಟಿ ಬಂದ ದಿನ ಯಾವ ಸರಣಿ ಬದುಕಿತು, ಯಾವುದು ಮುಳುಗಿತು ಎಂದು ತೀರ್ಪು ಶುರು. ತಮಾಷೆಯೆಂದರೆ ಈ ಪಟ್ಟಿಯಲ್ಲಿ ಸಿಗುವುದು ಸ್ಥಾನ ಮಾತ್ರ, ಎಷ್ಟು ಪ್ರತಿ ಹೋಯಿತೆಂಬ ಅಂಕಿ ಸಾರ್ವಜನಿಕರಿಗಿಲ್ಲ. ಸ್ಥಾನ ಕೊಡುವುದು ಪ್ರತಿಗಳ ಮೇಲಲ್ಲ, ದುಡ್ಡಿನ ಮೊತ್ತದ ಮೇಲೆ. ನಿಂಟೆಂಡೊದಂಥ ಕಂಪನಿ ತನ್ನ ಡಿಜಿಟಲ್ ಮಾರಾಟದ ಲೆಕ್ಕವನ್ನೇ ಕೊಡುವುದಿಲ್ಲ. ಇಂಥ ಅರೆಬರೆ ಲೆಕ್ಕದ ಮೇಲೆ ಹುಡುಗರು ಕೋರ್ಟು ನಡೆಸುತ್ತಾರೆ. ಹೌಸ್‌ಫುಲ್ ಬೋರ್ಡು ನೋಡಿ ಕಂಪನಿಯ ಭವಿಷ್ಯ ಹೇಳುತ್ತಿದ್ದವರ ವಂಶ ಮುಗಿದಿಲ್ಲ.

ಆ ಲೆಕ್ಕ ಎಷ್ಟು ಮೋಸದ್ದೆಂದರೆ, 2023ರ ಜೂನ್‌ನಲ್ಲಿ ಬಂದ ‘ಫೈನಲ್ ಫ್ಯಾಂಟಸಿ 16’ ಮೊದಲ ವಾರದಲ್ಲೇ 30 ಲಕ್ಷ ಪ್ರತಿ ಮುಟ್ಟಿತು, ಮರುವರ್ಷ ಅದನ್ನು ಹೊರತಂದ ಕಂಪನಿಯೇ ನಮ್ಮ ನಿರೀಕ್ಷೆಗೆ ಸಾಲಲಿಲ್ಲ ಎಂದಿತು. 2024ರ ಕೊನೆಗೆ ಬಂದ ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ ಆಟವನ್ನು ಆ ತ್ರೈಮಾಸಿಕದಲ್ಲಿ ಸುಮಾರು 15 ಲಕ್ಷ ಮಂದಿ ಆಡಿದರು, ಆದರೂ ಅದು ಅಂದಾಜಿನ ಅರ್ಧಕ್ಕೆ ನಿಂತಿತೆಂದು ಪ್ರಕಾಶಕರೇ ಹೇಳಿದರು. ಸೋಲು ಗೆಲುವು ತೀರ್ಮಾನವಾಗುವುದು ಗಲ್ಲಾಪೆಟ್ಟಿಗೆಯಲ್ಲಲ್ಲ, ಹಾಕಿದ ಬಂಡವಾಳದಲ್ಲಿ. ಆನೆ ಸಾಕುವ ಕಂಪನಿಗೆ ಅರ್ಧ ತುಂಬಿದ ಮನೆ ನಷ್ಟ, ಪರದೆ ಮಾತ್ರ ಇರುವ ಕಂಪನಿಗೆ ಅದೇ ಮನೆ ಲಾಭ. 2025ರಲ್ಲಿ ಫ್ರಾನ್ಸಿನ ಒಂದು ಚಿಕ್ಕ ತಂಡ, ಸರದಿಯ ಮೇಲೆ ಹೊಡೆದಾಡುವ ಹಳೆಯ ಪದ್ಧತಿಯಲ್ಲೇ ‘ಕ್ಲೇರ್ ಆಬ್ಸ್‌ಕ್ಯೂರ್’ ಎಂಬ ಆಟ ಮಾಡಿ ಮೂರು ದಿನದಲ್ಲಿ 10 ಲಕ್ಷ ಪ್ರತಿ ಮಾರಿದಾಗ ದೊಡ್ಡ ಕಂಪನಿಗಳು ಮುಖಮುಖ ನೋಡಿಕೊಂಡದ್ದು ಅದಕ್ಕೇ. ಹಳೆಯ ಪದ್ಧತಿಗೆ ಗಿರಾಕಿ ಇಲ್ಲ ಎಂದು ನಂಬಿಕೊಂಡವರು ಅವರು.

ಈಗ ಊರಿನ ನಾಟಕಕ್ಕೆ ಬರೋಣ. ದೇವಸ್ಥಾನದ ಹಜಾರದಲ್ಲಿ ಪಾತ್ರ ಹಂಚುವ ಸಂಜೆಯನ್ನು ನೋಡದೆ ಈ ರಂಗಭೂಮಿಯ ಬಗ್ಗೆ ಬರೆಯಬಾರದು. ಹಾರ್ಮೋನಿಯಂ ಮೇಷ್ಟ್ರು ಪುಸ್ತಕ ತೊಡೆಯ ಮೇಲಿಟ್ಟು ಕೂತಿರುತ್ತಾರೆ. ಪಕ್ಕದಲ್ಲಿ ಊರಿನ ಮುಖಂಡ ಒಂದು ನೋಟ್‌ಬುಕ್ಕಿನಲ್ಲಿ ಪಾತ್ರ, ಹೆಸರು, ಮೊತ್ತ ಎಂದು ಗೆರೆ ಎಳೆದಿರುತ್ತಾನೆ. ದುರ್ಯೋಧನನದು ಎಲ್ಲಕ್ಕಿಂತ ಹೆಚ್ಚು, ಆಮೇಲೆ ಕೃಷ್ಣ, ಶಕುನಿ, ಕರ್ಣ, ಭೀಮ. ವಿದುರನಿಗೆ ಕಡಿಮೆ, ಸಾರಥಿಗೆ ಇನ್ನೂ ಕಡಿಮೆ. ಒಂದೇ ದುರ್ಯೋಧನನಿಗೆ ಇಬ್ಬರು ಜಿದ್ದಿಗೆ ಬಿದ್ದರೆ ಮೇಷ್ಟ್ರು ತಲೆ ಕೆಡಿಸಿಕೊಳ್ಳುವುದಿಲ್ಲ. ‘ಆಯ್ತಪ್ಪ, ಆಸ್ಥಾನದ ಸೀನು ನಿಂದು, ಯುದ್ಧದ್ದು ಅವನದು’ ಎನ್ನುತ್ತಾರೆ. ಫ್ಲೆಕ್ಸಿನಲ್ಲಿ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ಎರಡು ಫೋಟೊ ಬರುತ್ತವೆ. ಒಬ್ಬ ಐದೂವರೆ ಅಡಿ ಎತ್ತರ, ಸಣಕಲ. ಇನ್ನೊಬ್ಬನದು ಕಿರೀಟ ಕೂರದ ತಲೆ. ನೋಡುವವರಿಗೆ ಇದರಿಂದ ಗೊಂದಲವೇನೂ ಇಲ್ಲ. ಅವರು ನೋಡಲು ಬಂದದ್ದು ದುರ್ಯೋಧನನನ್ನಲ್ಲ, ಭಾವಮೈದನನ್ನು.

ಆ ಹಣದಲ್ಲೇ ಮೇಷ್ಟ್ರ ಸಂಭಾವನೆ, ಡ್ರಾಮಾ ಸೀನರಿಯ ಬಾಡಿಗೆ, ಮೈಕು, ಲೈಟು, ತಬಲದವರು, ಊಟ ಎಲ್ಲ ನಡೆಯಬೇಕು. ನಾಟಕದ ರಾತ್ರಿ ನೆಂಟರು ರಂಗವೇರಿ ನೋಟಿನ ಹಾರ ಹಾಕುತ್ತಾರೆ, ಮೈಕಿನಲ್ಲಿ ಅವರ ಹೆಸರು ಕೂಗುತ್ತಾರೆ, ಅಷ್ಟು ಹೊತ್ತೂ ದ್ರೌಪದಿ ಸೆರಗು ಹಿಡಿದು ಕಾಯುತ್ತಾ ನಿಂತಿರುತ್ತಾಳೆ. ಒಂದು ಪದ್ಯಕ್ಕೆ ಒನ್ಸ್‌ಮೋರ್ ಬಿದ್ದರೆ ಮತ್ತೆ ಮೊದಲಿಂದ. ಯಾವ ಪದ್ಯವನ್ನೂ ಕತ್ತರಿಸುವಂತಿಲ್ಲ, ಏಕೆಂದರೆ ಪ್ರತಿ ಪದ್ಯಕ್ಕೂ ಒಬ್ಬ ದುಡ್ಡು ಕಟ್ಟಿದ್ದಾನೆ. ನಾಟಕ ಬೆಳಗಾಗುವವರೆಗೆ ಎಳೆಯುವುದು ಜನಪದದ ಕಾಲಪ್ರಜ್ಞೆಯಿಂದ ಎಂದು ಒಂದು ವಿಚಾರಗೋಷ್ಠಿಯಲ್ಲಿ ಕೇಳಿದ್ದೆ. ನನಗೆ ಕಾಣುವ ಕಾರಣ ಆ ನೋಟ್‌ಬುಕ್ಕು.

ಹಾಗಾಗಿ ಇದನ್ನು ಪ್ರದರ್ಶನವೆಂದು ಅಳೆದರೆ ಏನೂ ದಕ್ಕುವುದಿಲ್ಲ. ಟ್ರ್ಯಾಕ್ಟರ್ ಓಡಿಸುವವನು, ಅಡಿಕೆ ಮಂಡಿಯ ಗುಮಾಸ್ತ, ಗ್ರಾಮ ಪಂಚಾಯಿತಿ ಸದಸ್ಯ ಮೂರು ತಿಂಗಳು ಸಂಜೆ ತಾಲೀಮಿಗೆ ಬಂದು ಶ್ರುತಿಗೆ ಕಂಠ ಹೊಂದಿಸಿ, ನೂರಾರು ಸಾಲು ಬಾಯಿಪಾಠ ಮಾಡಿ ಒಂದು ರಾತ್ರಿ ರಾಜನಾಗುತ್ತಾನೆ. ಅವನು ಕೊಂಡದ್ದು ಆ ಮೂರು ತಿಂಗಳನ್ನು. ಹುಡುಗರು ಗೇಮಿನಲ್ಲಿ ನೂರು ಗಂಟೆ ಕೂತು ಕೊಳ್ಳುವುದೂ ಅದನ್ನೇ. ಡ್ರ್ಯಾಗನ್ ಕ್ವೆಸ್ಟ್ ಸುಮಾರು ನಲವತ್ತು ವರ್ಷ ತನ್ನ ಆಟದ ಬಗೆಯನ್ನು ಹೆಚ್ಚೇನೂ ಬದಲಿಸದೆ ಉಳಿದದ್ದು ಇದರಿಂದಲೇ. ಆಡುವವನಿಗೆ ತನ್ನ ಸರದಿ ಬರುತ್ತದೆ, ಯೋಚಿಸಲು ಹೊತ್ತು ಸಿಗುತ್ತದೆ. ಫೈನಲ್ ಫ್ಯಾಂಟಸಿ ಪ್ರತಿ ಸಲವೂ ವೇಷ ಬದಲಿಸಿತು. 1997ರ ಏಳನೆಯದರಲ್ಲಿ ಅದು ಫಲಿಸಿತು. ಹದಿನಾರನೆಯದರ ಹೊತ್ತಿಗೆ ಸರದಿಯೂ ಹೋಯಿತು, ತಂಡವನ್ನು ನಡೆಸುವ ಕೆಲಸವೂ ಹೋಯಿತು, ಒಬ್ಬ ವೀರನ ಕತ್ತಿವರಸೆ ಉಳಿಯಿತು. ನೋಡಲು ಭವ್ಯ. ಆಡುವವನನ್ನು ಬೆಂಚಿಗೆ ಕಳಿಸಿದ ಆಟ ಅದು ಎಂಬುದು ನನ್ನ ಅನಿಸಿಕೆ.

ಹಾಗಾದರೆ ಊರಿನ ಕುರುಕ್ಷೇತ್ರ ಗೆದ್ದಿತೆ? ಪೂರ್ತಿ ಅಲ್ಲ. ಗೇಮು ಕೊಳ್ಳುವವನು ಪಾತ್ರವನ್ನೂ ಕೊಳ್ಳುತ್ತಾನೆ, ಹೊಸತನ್ನೂ ಕೇಳುತ್ತಾನೆ. ಮುಂದಿನ ಭಾಗದಲ್ಲಿ ಅದೇ ಕಥೆ ಕೊಟ್ಟರೆ ತಿರುಗಿಬೀಳುತ್ತಾನೆ. ನಮ್ಮ ಒಂದನೇ ದುರ್ಯೋಧನನಿಗೆ ಹೊಸತು ಬೇಡವೇ ಬೇಡ. ಅವನ ಅಪ್ಪ ಹಾಡಿದ ಪದ್ಯವನ್ನೇ ಅವನೂ ಹಾಡಿ ‘ಅಪ್ಪನಿಗಿಂತ ಚೆನ್ನಾಗಿ ಹೇಳ್ದ’ ಅನ್ನಿಸಿಕೊಳ್ಳಬೇಕು. ಹೊಸ ನಾಟಕದಲ್ಲಿ ಹಾಗೆ ತೂಗಿ ನೋಡಲು ಕಲ್ಲೇ ಇರುವುದಿಲ್ಲ. ಹಾಗಾಗಿ ಬರೆಯುವವನಿಗೆ ಜಾಗವಿಲ್ಲ. ನರಹರಿ ಶಾಸ್ತ್ರಿಗಳ ಸ್ವಂತ ಊರಿನ ಫಾಸಲೆಯಲ್ಲೇ ಅವರ ನಾಟಕ ಕಲಿಸಿ ಎಂದು ಮೇಷ್ಟ್ರೊಬ್ಬರನ್ನು ಕೇಳಿದೆ. ‘ಸದಾರಮೇಲಿ ಗಂಡುಪಾತ್ರ ಎಷ್ಟವೆ ಸ್ವಾಮಿ? ದುಡ್ಡು ಎಲ್ಲಿಂದ ಎತ್ತಾನ?’ ಎಂದರು. ರಂಗಭೂಮಿಯ ಅರ್ಥಶಾಸ್ತ್ರ ಇದಕ್ಕಿಂತ ಚೊಕ್ಕವಾಗಿ ಯಾವ ಪ್ರಬಂಧದಲ್ಲೂ ಸಿಗದು. ಕುರುಕ್ಷೇತ್ರಕ್ಕೆ ಇಷ್ಟು ಆಯಸ್ಸು ಬಂದದ್ದು ಅದರಲ್ಲಿ ಮಾರಲು ಪಾತ್ರಗಳು ಬೇಕಾದಷ್ಟು ಇರುವುದರಿಂದ. ವ್ಯಾಸರು ಈ ದೃಷ್ಟಿಯಿಂದ ದೂರಾಲೋಚನೆಯವರು.

ಸಿನಿಮಾದವರೂ ದುರ್ಯೋಧನನ ಬೆಲೆ ಅರಿತಿದ್ದರು. 2019ರಲ್ಲಿ ದರ್ಶನ್ ‘ಕುರುಕ್ಷೇತ್ರ’ ಮಾಡಿದಾಗ ಅರ್ಜುನನಾಗಲಿಲ್ಲ, ದುರ್ಯೋಧನನಾದರು. ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ನಾಯಕ ಯಾರೆಂಬುದು ಎಂದೋ ಇತ್ಯರ್ಥವಾಗಿತ್ತು. ಆ ಸಿನಿಮಾ ಅದಕ್ಕೆ ಮೊಹರು ಒತ್ತಿತಷ್ಟೆ.

ಸಂಗೀತದ ಮಾತು ಬೇರೆ. ಕಾಲಿನಿಂದ ತುಳಿಯುವ ಹಾರ್ಮೋನಿಯಂನ ಮುಂದೆ ಕೂತ ಈ ಮೇಷ್ಟ್ರುಗಳು ಕಂಪನಿಯ ಮಟ್ಟುಗಳನ್ನು ಬರಹವಿಲ್ಲದೆ ಉಳಿಸಿಕೊಂಡು ಬಂದಿದ್ದಾರೆ. ಹುಡುಗನಾಗಿ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಮುಂದೆ ಆಧುನಿಕ ರಂಗಭೂಮಿಗೆ ಕೊಟ್ಟ ಸಂಗೀತದ ಬೇರು ಅಲ್ಲಿದೆ. ಕಾರಂತರನ್ನು ಹೊಗಳುವ ನಗರದ ರಂಗಾಸಕ್ತರು ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ಇದ್ದ ದಿನ ಆ ಕಡೆ ತಲೆ ಹಾಕುವುದಿಲ್ಲ. ಹಾಡುಗಾರಿಕೆಯ ಮಟ್ಟಿಗೆ ಅದು ಅವರದೇ ನಷ್ಟ.

ಕೊನೆಗೆ ಹೆಂಗಸರ ಲೆಕ್ಕ. ಗಂಡುಪಾತ್ರದವರು ದುಡ್ಡು ಕೊಟ್ಟು ಆಡುತ್ತಾರೆ, ದ್ರೌಪದಿ, ರುಕ್ಮಿಣಿ, ಉತ್ತರೆಯರು ದುಡ್ಡು ಪಡೆದು ಆಡುತ್ತಾರೆ. ಒಂದೇ ರಂಗದಲ್ಲಿ ಒಬ್ಬ ಗಿರಾಕಿ, ಒಬ್ಬಳು ಕೂಲಿ. ಸುಂದರಮ್ಮ, ಬಿ. ಜಯಮ್ಮನವರಂಥ ನಟಿಯರು ಗುಬ್ಬಿ ಕಂಪನಿಯಲ್ಲಿ ಗಳಿಸಿದ ಸ್ಥಾನಕ್ಕೂ ಇವರ ಸ್ಥಾನಕ್ಕೂ ಹೋಲಿಕೆಯಿಲ್ಲ. ನಾಟಕದ ರಾತ್ರಿ ರಂಗದ ಮೇಲೆ ಕಸಬು ಬಲ್ಲವಳು ಆ ಕೂಲಿಯವಳೊಬ್ಬಳೇ ಇರುತ್ತಾಳೆ. ಎರಡನೇ ದುರ್ಯೋಧನ ಸಾಲು ಮರೆತಾಗ ಮೆಲ್ಲಗೆ ಹೇಳಿಕೊಡುವವಳೂ ಅವಳೇ, ಹಾರ ತುರಾಯಿ ಮಾತ್ರ ಅವನಿಗೆ. ಇತ್ತೀಚಿನ ವರ್ಷಗಳಲ್ಲಿ ಹೆಂಗಸರೇ ಸೇರಿ ಕುರುಕ್ಷೇತ್ರ ಆಡುವ ತಂಡಗಳು ಅಲ್ಲಲ್ಲಿ ಎದ್ದಿವೆ. ಅಲ್ಲಿ ಗದೆ ಹಿಡಿಯುವುದೂ ಹೆಣ್ಣೇ, ಪಾತ್ರದ ದುಡ್ಡು ಹೊಂದಿಸುವುದೂ ಹೆಣ್ಣೇ. ವರ್ಷಗಟ್ಟಲೆ ದ್ರೌಪದಿಯಾಗಿ ಹತ್ತಾರು ದುರ್ಯೋಧನರನ್ನು ಹತ್ತಿರದಿಂದ ಕಂಡವರು ಆ ಪಾತ್ರವನ್ನು ಹೇಗೆ ಆಡುತ್ತಾರೆ ಎಂಬುದರ ಬಗ್ಗೆ ವಿಮರ್ಶಕರು ಇನ್ನೂ ಒಂದು ಸಾಲೂ ಬರೆದಂತಿಲ್ಲ.