ಹೆಸರು ಮತ್ತು ಲಯ: ಫ್ಲೀಟ್‌ವುಡ್ ಮ್ಯಾಕ್ ವೃಂದದ ಇತಿಹಾಸವನ್ನು ಕುರಿತು ಒಂದು ವಿಚಾರ

೧

ಕೃತಿಗೆ ಕರ್ತೃ ಒಬ್ಬನೇ ಎಂಬ ಭಾವನೆಯ ಮೇಲೆ ನಮ್ಮ ವಿಮರ್ಶೆಯ ಬಹುಭಾಗ ನಿಂತಿದೆ. ಹಲವರು ಕೂಡಿ ಕಟ್ಟುವ ಕಲೆಯನ್ನು ಪರಿಶೀಲಿಸಹೊರಟಾಗ ಈ ಭಾವನೆ ನಮ್ಮ ಕೈಬಿಡುತ್ತದೆ. ಕೂಡಿದವರು ಒಬ್ಬೊಬ್ಬರಾಗಿ ಅಗಲಿ, ಅವರ ಸ್ಥಾನಕ್ಕೆ ಬೇರೆಯವರು ಬಂದು, ಹೆಸರು ಮಾತ್ರ ಹಾಗೆಯೇ ಉಳಿದಿದ್ದರೆ ತೊಡಕು ಇಮ್ಮಡಿಯಾಗುತ್ತದೆ. ೧೯೬೭ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ಸಂಗೀತ ವೃಂದವು ಇಂತಹ ಸಮಸ್ಯೆಗೆ ಒಳ್ಳೆಯ ನಿದರ್ಶನ.

ಈ ವೃಂದದ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಸ್ಥಾಪಕನಾದ ಪೀಟರ್ ಗ್ರೀನ್ ೧೯೭೦ರಲ್ಲಿ ಹೊರನಡೆದಾಗಲೇ ನಿಜವಾದ ವೃಂದ ಮುಗಿಯಿತು, ಆಮೇಲಿನದು ಹೆಸರಿನ ವ್ಯಾಪಾರ ಎಂಬುದು ಒಂದು. ಲಿಂಡ್ಸೆ ಬಕಿಂಗ್‌ಹ್ಯಾಮ್ ಹಾಗೂ ಸ್ಟೀವಿ ನಿಕ್ಸ್ ಸೇರಿದಮೇಲೆ, ಎಂದರೆ ೧೯೭೫ರಲ್ಲಿ, ವೃಂದ ನಿಜವಾಗಿ ಆರಂಭವಾಯಿತು, ಮೊದಲಿನದೆಲ್ಲ ಪೀಠಿಕೆ ಎಂಬುದು ಇನ್ನೊಂದು. ಒಂದಕ್ಕೊಂದು ವಿರುದ್ಧವಾಗಿ ತೋರುವ ಈ ಎರಡು ಮತಗಳೂ ಒಂದೇ ತಪ್ಪನ್ನು ಮಾಡುತ್ತವೆಂದು ನಮಗೆ ತೋರುತ್ತದೆ. ಎರಡೂ ಹಾಡುವವರನ್ನು ಮತ್ತು ಗಿಟಾರ್ ನುಡಿಸುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ.

೨

ಮೊದಲು ಹೆಸರನ್ನೇ ವಿಚಾರಿಸೋಣ. ಗ್ರೀನ್, ಮಿಕ್ ಫ್ಲೀಟ್‌ವುಡ್, ಜಾನ್ ಮೆಕ್‌ವಿ ಈ ಮೂವರೂ ಜಾನ್ ಮೇಯಾಲನ ಬ್ಲೂಸ್‌ಬ್ರೇಕರ್ಸ್ ವೃಂದದಲ್ಲಿ ನುಡಿಸಿದವರು. ಮೇಯಾಲ್ ಕೊಡಿಸಿದ ಧ್ವನಿಮುದ್ರಣದ ಅವಕಾಶದಲ್ಲಿ ಗ್ರೀನ್ ಈ ಇಬ್ಬರೊಡನೆ ಕೆಲವು ರಚನೆಗಳನ್ನು ಮುದ್ರಿಸಿದನು. ಅವುಗಳಲ್ಲಿ ಒಂದಕ್ಕೆ ಆತ ಕೊಟ್ಟ ಹೆಸರು ‘ಫ್ಲೀಟ್‌ವುಡ್ ಮ್ಯಾಕ್’, ಎಂದರೆ ಡ್ರಂ ಬಾರಿಸುವವನ ಮತ್ತು ಬೇಸ್ ಗಿಟಾರ್ ನುಡಿಸುವವನ ಹೆಸರುಗಳ ಜೋಡಣೆ. ತನ್ನದೇ ವೃಂದವನ್ನು ಕಟ್ಟಿದಾಗಲೂ ಆತ ಅದಕ್ಕೆ ಈ ಹೆಸರನ್ನೇ ಇಟ್ಟನು. ಮೆಕ್‌ವಿ ಆಗ ಮೇಯಾಲನ ಬಳಿ ನಿಶ್ಚಿತವಾದ ಸಂಪಾದನೆಯನ್ನು ಬಿಟ್ಟುಬರಲು ಒಪ್ಪಿರಲಿಲ್ಲ. ೧೯೬೭ರ ಆಗಸ್ಟ್‌ನಲ್ಲಿ ವಿಂಡ್ಸರ್ ಉತ್ಸವದಲ್ಲಿ ವೃಂದ ಮೊದಲಬಾರಿಗೆ ನುಡಿಸಿದಾಗ ಬೇಸ್ ಹಿಡಿದವನು ಬಾಬ್ ಬ್ರನಿಂಗ್. ಮೆಕ್‌ವಿ ಬಂದುದು ಕೆಲವು ವಾರಗಳ ತರುವಾಯ. ಬರದಿದ್ದವನ ಹೆಸರು ವೃಂದದಲ್ಲಿ ಮೊದಲೇ ಸೇರಿತ್ತು, ಕಟ್ಟಿದವನ ಹೆಸರು ಅದರಲ್ಲಿ ನೆಲೆಯಾಗಲಿಲ್ಲ.

ಇದು ಗ್ರೀನನ ಸಂಕೋಚ ಸ್ವಭಾವಕ್ಕೆ ಸಾಕ್ಷಿಯೆಂದು ಹೇಳುವುದು ವಾಡಿಕೆ. ಆ ಮಾತು ಸರಿಯೇ. ಆದರೆ ಇದರಲ್ಲಿ ಒಂದು ಸಂಗೀತತತ್ತ್ವವೂ ಅಡಗಿದೆ. ಶ್ರುತಿ ಮಾತೆ, ಲಯ ಪಿತ ಎಂಬುದು ನಮ್ಮಲ್ಲಿ ಪ್ರಸಿದ್ಧವಾದ ಮಾತು. ಗ್ರೀನ್ ತನ್ನ ವೃಂದಕ್ಕೆ ಪಿತೃನಾಮವನ್ನು ಇಟ್ಟನೆಂದು ಹೇಳಬಹುದು.

೩

೧೯೬೮ರಲ್ಲಿ ಹೊರಬಂದ ‘ಆಲ್ಬಟ್ರಾಸ್’ ಎಂಬ ವಾದ್ಯರಚನೆ ಇದಕ್ಕೆ ಉತ್ತಮ ಆಧಾರ. ಅದು ಮರುವರ್ಷದ ಜನವರಿಯಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಪ್ರಥಮ ಸ್ಥಾನವನ್ನು ಪಡೆಯಿತು. ಗ್ರೀನ್ ಮತ್ತು ಡ್ಯಾನಿ ಕರ್ವನ್ನರ ಗಿಟಾರುಗಳು ಅದರಲ್ಲಿ ಮೇಲೆ ತೇಲುತ್ತವೆ. ಫ್ಲೀಟ್‌ವುಡ್ ಸಾಮಾನ್ಯವಾದ ಕಡ್ಡಿಗಳನ್ನು ಬಿಟ್ಟು ಮೆತ್ತನೆಯ ತುದಿಯ ಕೋಲುಗಳಿಂದ ಬಾರಿಸುತ್ತಾನೆ. ಬೇಸ್ ಆ ಬಡಿತದೊಡನೆ ಏರಿ ಇಳಿಯುತ್ತದೆ. ಹಕ್ಕಿಯನ್ನು ಗಿಟಾರ್ ಚಿತ್ರಿಸಿದರೆ, ಅದರ ಕೆಳಗಿನ ಕಡಲನ್ನು ಲಯ ಚಿತ್ರಿಸುತ್ತದೆ. ಕಡಲಿಲ್ಲದಿದ್ದರೆ ಹಾರಾಟದ ಎತ್ತರ ನಮಗೆ ತಿಳಿಯುತ್ತಿರಲಿಲ್ಲ.

ಈ ಯಶಸ್ಸಿಗೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಹಣದ ವಿಷಯದಲ್ಲಿ ತೀವ್ರವಾದ ಅಸಮಾಧಾನವನ್ನು ತಳೆದ ಗ್ರೀನ್, ವೃಂದದ ಗಳಿಕೆಯನ್ನು ದಾನಮಾಡಬೇಕೆಂದು ವಾದಿಸಿ, ೧೯೭೦ರ ಮೇ ತಿಂಗಳಲ್ಲಿ ಹೊರನಡೆದನು. ಮುಂದಿನ ವರ್ಷಗಳಲ್ಲಿ ಮಾನಸಿಕ ವ್ಯಾಧಿ ಆತನನ್ನು ದೀರ್ಘಕಾಲ ಸಂಗೀತದಿಂದ ದೂರವಿರಿಸಿತು. ಜೆರೆಮಿ ಸ್ಪೆನ್ಸರ್ ೧೯೭೧ರಲ್ಲಿ ಲಾಸ್ ಏಂಜಲೀಸಿನಲ್ಲಿ ಪ್ರವಾಸದ ನಡುವೆಯೇ ಒಂದು ಧಾರ್ಮಿಕ ಪಂಥವನ್ನು ಸೇರಿದನು. ಆ ಪ್ರವಾಸವನ್ನು ಪೂರೈಸಿಕೊಡಲು ಗ್ರೀನನೇ ಕೆಲಕಾಲ ಮರಳಿ ಬಂದನು. ಕುಡಿತಕ್ಕೆ ಬಲಿಯಾದ ಕರ್ವನ್, ೧೯೭೨ರಲ್ಲಿ ಕಚೇರಿಗೆ ಮುನ್ನ ತನ್ನ ಗಿಟಾರನ್ನು ಒಡೆದುಹಾಕಿ ವೇದಿಕೆಯೇರಲು ನಿರಾಕರಿಸಿದಮೇಲೆ, ವೃಂದದಿಂದ ಹೊರಗಾದನು. ಎರಡು ವರ್ಷಗಳ ಅವಧಿಯಲ್ಲಿ ಮೂವರು ಗಿಟಾರ್ ವಾದಕರನ್ನು ಕಳೆದುಕೊಂಡ ವೃಂದ ಬದುಕಿ ಉಳಿದುದೇ ಅಚ್ಚರಿ.

೪

೧೯೭೧ರಿಂದ ೧೯೭೪ರವರೆಗಿನ ಮಧ್ಯಕಾಲವನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. ಇದು ನ್ಯಾಯವಲ್ಲ. ಬ್ಲೂಸಿನಿಂದ ಮಾಧುರ್ಯಪ್ರಧಾನವಾದ ಗೀತೆಗೆ ವೃಂದ ಹೊರಳಿದುದು ಈ ಕಾಲದಲ್ಲಿಯೇ. ಅದಕ್ಕೆ ಕಾರಣರಾದವರು ಅಮೆರಿಕದ ಬಾಬ್ ವೆಲ್ಚ್ ಮತ್ತು ಕ್ರಿಸ್ಟೀನ್ ಮೆಕ್‌ವಿ. ಕ್ರಿಸ್ಟೀನ್ ಪರ್ಫೆಕ್ಟ್ ಎಂಬ ಹೆಸರಿನಲ್ಲಿ ಆಗಲೇ ಗಾಯಕಿಯಾಗಿ ಖ್ಯಾತಳಾಗಿದ್ದ ಈಕೆ ಜಾನ್ ಮೆಕ್‌ವಿಯನ್ನು ವಿವಾಹವಾಗಿ ೧೯೭೦ರಲ್ಲಿ ವೃಂದವನ್ನು ಸೇರಿದಳು. ‘ಮ್ಯಾಕ್’ ಎಂಬ ಅರ್ಧನಾಮಕ್ಕೆ ಅಂದಿನಿಂದ ಇಬ್ಬರು ಹಕ್ಕುದಾರರಾದರು. ೧೯೭೨ರ ‘ಬೇರ್ ಟ್ರೀಸ್’, ೧೯೭೩ರ ‘ಮಿಸ್ಟರಿ ಟು ಮಿ’ ಸಂಪುಟಗಳನ್ನು ಕೇಳಿದವರಿಗೆ ೧೯೭೫ರ ವೃಂದ ಆಕಾಶದಿಂದ ಇಳಿದುದಲ್ಲವೆಂಬುದು ವೇದ್ಯವಾಗುತ್ತದೆ.

ಹೆಸರು ಯಾರದೆಂಬ ಪ್ರಶ್ನೆ ನ್ಯಾಯಾಲಯವನ್ನೇರಿದುದೂ ಈ ಕಾಲದಲ್ಲಿ. ವೃಂದದ ವ್ಯವಸ್ಥಾಪಕನಾಗಿದ್ದ ಕ್ಲಿಫರ್ಡ್ ಡೇವಿಸ್, ಹೆಸರು ತನ್ನದೆಂದು ವಾದಿಸಿ, ೧೯೭೪ರಲ್ಲಿ ಬೇರೆಯೇ ವಾದ್ಯಗಾರರನ್ನು ಆ ಹೆಸರಿನಲ್ಲಿ ಅಮೆರಿಕದ ಪ್ರವಾಸಕ್ಕೆ ಕಳುಹಿಸಿದನು. ಅದರಲ್ಲಿ ಫ್ಲೀಟ್‌ವುಡ್ಡನೂ ಇರಲಿಲ್ಲ, ಮೆಕ್‌ವಿಯೂ ಇರಲಿಲ್ಲ. ಶ್ರೋತೃಗಳು ಕೆರಳಿದರು, ಪ್ರವಾಸ ಕುಸಿಯಿತು. ಗಾಯಕರು ಬದಲಾದಾಗಲೆಲ್ಲ ಸಹಿಸಿಕೊಂಡಿದ್ದ ಜನ ಈ ಬದಲಾವಣೆಯನ್ನು ಮಾತ್ರ ಒಪ್ಪಲಿಲ್ಲವೆಂಬುದು ಗಮನಾರ್ಹ. ವ್ಯಾಜ್ಯದ ಬಳಿಕ ಹೆಸರು ಅದನ್ನು ಹೊತ್ತವರಲ್ಲಿಯೇ ಉಳಿಯಿತು.

೫

ವೆಲ್ಚ್ ಹೊರಟುಹೋದಾಗ ಫ್ಲೀಟ್‌ವುಡ್ ಬಕಿಂಗ್‌ಹ್ಯಾಮನನ್ನು ಕರೆದನು. ನಿಕ್ಸಳನ್ನೂ ಕರೆದರೆ ಮಾತ್ರ ಬರುವೆನೆಂಬುದು ಆತನ ಉತ್ತರ. ಐವರು ಕೂಡಿ ರಚಿಸಿದ, ೧೯೭೭ರಲ್ಲಿ ಪ್ರಕಟವಾದ ‘ರೂಮರ್ಸ್’ ಅಮೆರಿಕದ ಪಟ್ಟಿಯಲ್ಲಿ ಒಟ್ಟು ೩೧ ವಾರಗಳ ಕಾಲ ಅಗ್ರಸ್ಥಾನದಲ್ಲಿತ್ತು. ಅದರ ರಚನೆಯ ವೇಳೆಗೆ ಮೆಕ್‌ವಿ ದಂಪತಿಗಳು ಬೇರೆಯಾಗುತ್ತಿದ್ದರು. ಬಕಿಂಗ್‌ಹ್ಯಾಮ್ ಮತ್ತು ನಿಕ್ಸರ ಸ್ನೇಹವೂ ಮುರಿಯುತ್ತಿತ್ತು. ಈ ಸಂಗತಿಗಳನ್ನು ಹಿಡಿದು ಪ್ರತಿಯೊಂದು ಗೀತೆಯಲ್ಲಿಯೂ ಯಾರು ಯಾರನ್ನು ನಿಂದಿಸಿದರೆಂದು ಹುಡುಕುವ ಒಂದು ವಿಮರ್ಶಾಪದ್ಧತಿ ಬೆಳೆದಿದೆ. ಜೀವನಚರಿತ್ರೆಯಿಂದ ಕೃತಿಗೆ ಬೆಳಕು ಬೀಳುವುದುಂಟು. ಆದರೆ ಕಲಹದಲ್ಲಿರುವವರು ಅಸಂಖ್ಯ, ‘ರೂಮರ್ಸ್’ ಒಂದೇ. ಕಲಹ ಕೃತಿಯಾದ ಬಗೆಯನ್ನು ಆ ಪದ್ಧತಿ ಹೇಳಲಾರದು.

ಆ ಬಗೆಯನ್ನು ಹೇಳುವುದು ಲಯ. ‘ಡ್ರೀಮ್ಸ್’ ಬಹುಮಟ್ಟಿಗೆ ಎರಡೇ ಸ್ವರಮೇಳಗಳ ಮೇಲೆ ನಡೆಯುವ ಹಾಡು. ವಿಚಲಿತವಾಗದ ಬಡಿತ ಹಾಗೂ ಮಿತಭಾಷಿಯಾದ ಬೇಸ್ ಅದರ ದುಃಖಕ್ಕೆ ಸಂಯಮವನ್ನು ಕೊಟ್ಟಿವೆ. ‘ಗೋ ಯುವರ್ ಓನ್ ವೇ’ ಹಾಡಿಗೆ ಬಕಿಂಗ್‌ಹ್ಯಾಮ್ ಸೂಚಿಸಿದ ಬಡಿತವನ್ನು ಫ್ಲೀಟ್‌ವುಡ್ ತನ್ನ ರೀತಿಗೆ ತಿರುಗಿಸಿಕೊಂಡನು. ಆ ಎಡವುವಂತಹ ನಡೆಯೇ ಹಾಡಿನ ಸಿಟ್ಟಿಗೆ ಶರೀರವಾಯಿತು. ಐವರ ಹೆಸರಿನಲ್ಲಿಯೂ ದಾಖಲಾಗಿರುವ ಸಂಪುಟದ ಒಂದೇ ಗೀತೆ ‘ದಿ ಚೈನ್’. ಬೇರೆಬೇರೆ ಕಡೆ ಹುಟ್ಟಿದ ತುಣುಕುಗಳನ್ನು ಧ್ವನಿಪಟ್ಟಿಯ ಮೇಲೆ ಕತ್ತರಿಸಿ ಜೋಡಿಸಿದ ರಚನೆ ಅದು. ಹಾಡು ನಿಂತಂತಾಗುವ ಕಡೆಯಲ್ಲಿ ಮೆಕ್‌ವಿಯ ಬೇಸ್ ಒಂಟಿಯಾಗಿ ಎದ್ದು, ಉಳಿದವರೆಲ್ಲರನ್ನೂ ಮತ್ತೆ ಕೂಡಿಸಿಕೊಂಡು ಹೊರಡುತ್ತದೆ. ವೃಂದದ ಇಡಿಯ ಚರಿತ್ರೆ ಆ ಕೆಲವು ಸ್ವರಗಳಲ್ಲಿ ಸೂಚಿತವಾಗಿದೆಯೆಂದರೆ ಅತಿಶಯೋಕ್ತಿಯಾಗದು.

೬

ಹಾಗಾದರೆ ಲಯವೊಂದೇ ಸಾಕೇ? ಸಾಲದು. ನಮ್ಮ ವಾದಕ್ಕೆ ಪ್ರತಿಕೂಲವಾದ ಸಾಕ್ಷ್ಯವನ್ನು ಮುಚ್ಚಿಡುವುದು ಉಚಿತವಲ್ಲ. ೧೯೮೭ರಲ್ಲಿ ಬಕಿಂಗ್‌ಹ್ಯಾಮ್ ಹೊರನಡೆದನು, ಕೆಲವು ವರ್ಷಗಳಲ್ಲಿ ನಿಕ್ಸಳೂ ಅಗಲಿದಳು. ೧೯೯೫ರ ‘ಟೈಮ್’ ಸಂಪುಟದಲ್ಲಿ ಫ್ಲೀಟ್‌ವುಡ್, ಮೆಕ್‌ವಿ, ಕ್ರಿಸ್ಟೀನ್ ಮೂವರೂ ಇದ್ದರು. ಆದರೂ ಅದು ಅಮೆರಿಕದ ಮುಖ್ಯ ಪಟ್ಟಿಯಲ್ಲಿ ಸ್ಥಾನವನ್ನೇ ಪಡೆಯಲಿಲ್ಲ. ಎರಡು ವರ್ಷಗಳ ಬಳಿಕ ಐವರೂ ಮತ್ತೆ ಕೂಡಿದಾಗ ‘ದಿ ಡಾನ್ಸ್’ ಅಲ್ಲಿ ಪ್ರಥಮ ಸ್ಥಾನಕ್ಕೇರಿತು. ಜನಪ್ರಿಯತೆ ಗುಣಕ್ಕೆ ಅಳತೆಗೋಲಲ್ಲ. ಆದರೂ ಈ ಎರಡು ಕೃತಿಗಳ ವಿಷಯದಲ್ಲಿ ಜನರ ಕಿವಿ ತಪ್ಪಲಿಲ್ಲವೆಂದೇ ನಮ್ಮ ಅಭಿಪ್ರಾಯ. ಲಯವು ಹೊರಬಲ್ಲುದು, ಹೊರಲು ಭಾರ ಬೇಕು.

೨೦೧೮ರಲ್ಲಿ ಬಕಿಂಗ್‌ಹ್ಯಾಮನನ್ನು ಬಿಟ್ಟು ಮೈಕ್ ಕ್ಯಾಂಬೆಲ್, ನೀಲ್ ಫಿನ್ ಇವರನ್ನು ಕೂಡಿಸಿಕೊಂಡು ವೃಂದ ಮತ್ತೆ ಪ್ರವಾಸ ಹೊರಟಿತು. ೨೦೨೦ರ ಫೆಬ್ರವರಿಯಲ್ಲಿ ಫ್ಲೀಟ್‌ವುಡ್ ಲಂಡನ್ನಿನಲ್ಲಿ ಪೀಟರ್ ಗ್ರೀನನ ಗೌರವಾರ್ಥವಾಗಿ ಕಚೇರಿಯೊಂದನ್ನು ಏರ್ಪಡಿಸಿದನು. ಅದೇ ಜುಲೈಯಲ್ಲಿ ಗ್ರೀನ್ ತೀರಿಕೊಂಡನು. ೨೦೨೨ರ ನವೆಂಬರಿನಲ್ಲಿ ಕ್ರಿಸ್ಟೀನ್ ಮೆಕ್‌ವಿ ನಿಧನಳಾದಳು. ಆಕೆಯಿಲ್ಲದೆ ಮುಂದುವರಿಯಲು ಕಾರಣವಿಲ್ಲವೆಂದು ನಿಕ್ಸ್ ಬಹಿರಂಗವಾಗಿ ಹೇಳಿದಳು. ಹದಿನೈದಕ್ಕೂ ಹೆಚ್ಚು ಮಂದಿ ಬಂದುಹೋದ ಬಾಗಿಲು ಮುಚ್ಚಿದಂತಾದುದು ಒಬ್ಬಳ ಮರಣದಿಂದ.

ಇದರಿಂದ ನಾವು ತಿಳಿಯಬೇಕಾದುದಿಷ್ಟು. ಸಮೂಹಕಲೆಯಲ್ಲಿ ಕರ್ತೃತ್ವವೆಂಬುದು ಒಬ್ಬನ ಆಸ್ತಿಯಲ್ಲ, ಬರಿಯ ಹೆಸರಿನ ಆಸ್ತಿಯೂ ಅಲ್ಲ. ಬಂದವರಿಗೆ ಎಡೆಕೊಟ್ಟು, ಹೋದವರ ಗುರುತನ್ನು ಉಳಿಸಿಕೊಂಡು ನಡೆಯುವ ಒಂದು ಆಧಾರದಲ್ಲಿ ಅದು ನೆಲೆಸಿರುತ್ತದೆ. ಹಾಡಿದವರನ್ನು ಮಾತ್ರ ಎಣಿಸುವ ವಿಮರ್ಶೆಗೆ ಆ ಆಧಾರ ಕೇಳಿಸದು. ಗ್ರೀನನಿಗೆ ಅದು ಕೇಳಿಸಿತ್ತು. ಆದುದರಿಂದಲೇ ಆತ ತನ್ನ ಹೆಸರನ್ನು ಬಿಟ್ಟು ಅವರಿಬ್ಬರ ಹೆಸರನ್ನು ಇಟ್ಟನು.