ಬೀಡಿ ಲೇಬಲ್ಲು ಮತ್ತು ನಿಪ್ಪಾಣಿಯ ಧೂಳು

ಹಳೆಯ ಜಾಹೀರಾತು ಕಾಗದಗಳಿಗೆ ಈಗ ಬೆಲೆ ಬಂದಿದೆ. ಕರಾವಳಿಯ ಹಂಚಿನ ಕಾರ್ಖಾನೆಗಳ ಬಿಲ್ಲು, ಜವಳಿ ಅಂಗಡಿಗಳ ಕ್ಯಾಲೆಂಡರ್, ಎಲ್ಲಕ್ಕಿಂತ ಹೆಚ್ಚಾಗಿ ಬೀಡಿ ಕಟ್ಟಿನ ಲೇಬಲ್. ಮುಚ್ಚಿಹೋದ ವ್ಯಾಪಾರಗಳ ಗುರುತನ್ನು ಗುಜರಿಯಿಂದ ಎತ್ತಿ ತಂದು ಜೋಪಾನ ಮಾಡುವವರ ಶ್ರಮವನ್ನು ನಾವು ಮೆಚ್ಚುತ್ತೇವೆ. ಅವರಿಲ್ಲದಿದ್ದರೆ ಅವೆಲ್ಲ ಒಲೆಗೆ ಹೋಗುತ್ತಿದ್ದವು.

ಆದರೆ ಇತ್ತೀಚೆಗೆ ಅಂಥದೊಂದು ಆಲ್ಬಮ್ ನೋಡಿ ಮುಗಿಸಿದಾಗ ಮನಸ್ಸಿಗೆ ಸಮಾಧಾನವಾಗಲಿಲ್ಲ. ದೇವರ ಚಿತ್ರದ ಲೇಬಲ್‌ಗಳು ಒಂದು ಕಡೆ, ಪ್ರಾಣಿಗಳವು ಒಂದು ಕಡೆ, ನಂಬರಿನವು ಇನ್ನೊಂದು ಕಡೆ. ದುಂಡು ಚೌಕಟ್ಟಿನೊಳಗೆ ಮಾಲಕರ ಫೋಟೊ. ಒಂದೇ ಚೀಟಿಯಲ್ಲಿ ಮೂರು ನಾಲ್ಕು ಲಿಪಿಗಳು, ಜಗಳವಿಲ್ಲದೆ. (ಗಡಿಯಲ್ಲಿ ಬೋರ್ಡಿನ ಅಕ್ಷರಕ್ಕಾಗಿ ಹೊಡೆದಾಡುವವರಿಗೆ ಇದನ್ನು ತೋರಿಸಬೇಕು.) ಎಲ್ಲ ಸರಿ. ಆದರೆ ಆ ಬೀಡಿಯೊಳಗಿನ ತಂಬಾಕು ಎಲ್ಲಿಂದ ಬಂತು, ಅದನ್ನು ಸುರುಟಿದವರು ಯಾರು ಎಂಬುದಕ್ಕೆ ಆಲ್ಬಮಿನಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ.

ತಂಬಾಕಿನ ದಾರಿ ಹಿಡಿದು ಹೋದರೆ ನಿಪ್ಪಾಣಿ ಸಿಗುತ್ತದೆ. ಚಿಕ್ಕೋಡಿ ಸೀಮೆಯ ಹೊಲಗಳಲ್ಲಿ ಬೆಳೆದ ಬೀಡಿ ತಂಬಾಕಿಗೆ ಅದೇ ಪೇಟೆ. ಅಲ್ಲಿನ ವಖಾರಿಗಳಲ್ಲಿ ಅದನ್ನು ಬಡಿದು, ಜರಡಿ ಹಿಡಿದು, ಧೂಳು ಕುಡಿದವರು ಹೆಂಗಸರು. 1981ರಲ್ಲಿ ಬೆಲೆಗಾಗಿ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಶೇತಕರಿ ಸಂಘಟನೆಯ ನೇತೃತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಕುಳಿತರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು, ಹತ್ತಕ್ಕೂ ಹೆಚ್ಚು ಜನ ಸತ್ತರು. ವಖಾರಿಯ ಹೆಂಗಸರ ಹೋರಾಟ ಬೇರೆಯೇ. ಅವರು ಸಂಘ ಕಟ್ಟಿದ ಕಥೆಯನ್ನು ದೀಪಾ ಧನರಾಜ್ ಮತ್ತು ಗೆಳೆಯರ ಯುಗಾಂತರ್ ತಂಡ ಅವರನ್ನೇ ಸೇರಿಸಿಕೊಂಡು 1982ರಲ್ಲಿ ಚಿತ್ರವಾಗಿ ತೆಗೆಯಿತು. 'ತಂಬಾಕು ಚಾಕಿಲಾ ಊಬ್ ಆಲಿ' ಎಂದು ಹೆಸರು. ಆ ಚಿತ್ರಕ್ಕೆ ಮರುಜೀವ ಕೊಟ್ಟದ್ದು ದೂರದ ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ. ಲೇಬಲ್ ಹುಡುಕಿಕೊಂಡು ಊರೂರು ಅಲೆಯುವ ನಮ್ಮವರು ಇದನ್ನು ಯೋಚಿಸಬೇಕು.

ಲೇಬಲ್ಲಿನ ಬೆಲೆ ಎಷ್ಟೆಂದು ಮಾಲಕರಿಗಂತೂ ಚೆನ್ನಾಗಿ ಗೊತ್ತಿತ್ತು. ಮಂಗಳೂರು ಗಣೇಶ ಬೀಡಿ ಸಂಸ್ಥೆಯ ಪಾಲುದಾರಿಕೆ ಮುರಿದು, 1994ರಲ್ಲಿ ಪಾಲುದಾರರ ನಡುವೆಯೇ ಹರಾಜಾದಾಗ ಕೂಗಿದ ಮೊತ್ತ 92 ಕೋಟಿ ರೂಪಾಯಿ. ಅದರಲ್ಲಿ ಟ್ರೇಡ್‌ಮಾರ್ಕಿನ ಬೆಲೆಯೇ 54 ಕೋಟಿ. ತೆರಿಗೆಯ ವ್ಯಾಜ್ಯವಾಗಿ ಸುಪ್ರೀಂ ಕೋರ್ಟಿಗೆ ಹೋಗಿ 2015ರಲ್ಲಿ ತೀರ್ಮಾನವಾಯಿತು. ಹೆಸರು ಮತ್ತು ಚಿತ್ರ ಆಸ್ತಿಯೆಂದು ಕಾಗದದಲ್ಲಿ ದಾಖಲಾಗಿದೆ. ಮೊರವನ್ನು ಮಡಿಲಲ್ಲಿಟ್ಟು ಎಲೆ ಕತ್ತರಿಸಿ, ಸುರುಟಿ, ನೂಲು ಸುತ್ತಿದ ಕೈಗಳ ಲೆಕ್ಕ ಅದರಲ್ಲಿ ಬರುವುದಿಲ್ಲ. ಕರಾವಳಿಯಲ್ಲಿ ಬ್ಯಾರಿ, ಬಿಲ್ಲವ ಎನ್ನದೆ ಎಷ್ಟೋ ಮನೆಗಳ ಅಕ್ಕಿ, ಶಾಲೆಯ ಫೀಸು, ಮದುವೆಯ ಸೀರೆ ಬಂದದ್ದು ಅದರಿಂದ. ಬ್ರಾಂಚಿನಲ್ಲಿ ಸರಿಯಿಲ್ಲವೆಂದು ತೆಗೆದಿಟ್ಟ ಬೀಡಿಗೆ ಕೂಲಿಯಿಲ್ಲ. ಬಣ್ಣದ ಚೀಟಿ ಅಂಟುತ್ತಿದ್ದುದು ಆಮೇಲೆ.

ಲೇಬಲ್ ಸಂಗ್ರಹಿಸಬಾರದೆಂದು ನಾವು ಹೇಳುತ್ತಿಲ್ಲ. 2016ರ ಏಪ್ರಿಲ್‌ನಿಂದ ತಂಬಾಕು ಪೊಟ್ಟಣದ ಶೇಕಡಾ 85 ಭಾಗ ಎಚ್ಚರಿಕೆಯ ಚಿತ್ರಕ್ಕೇ ಮೀಸಲು. ಹಳೆಯದರ ಅಂದ ಕಣ್ಣಿಗೆ ಹಿತವಾಗುವುದು ಸಹಜವೇ. ಆದರೆ ಮಾಲಕ ತನ್ನ ಬಗ್ಗೆ ಊರಿಗೆ ಹೇಳಬಯಸಿದ್ದೇ ಜಾಹೀರಾತು. ಅದನ್ನಷ್ಟೇ ಕೂಡಿಟ್ಟು 'ಊರಿನ ಚರಿತ್ರೆ' ಎಂದರೆ ಒಪ್ಪುವುದು ಕಷ್ಟ. ಆ ಲೇಬಲ್ಲಿನ ಪಕ್ಕದಲ್ಲಿ ವಖಾರಿಯ ತೂಕದ ಚೀಟಿ, ಮುಷ್ಕರದ ಕರಪತ್ರ, ಕೊಟ್ಟ ಎಲೆ-ತಂಬಾಕು ಮತ್ತು ತಂದ ಬೀಡಿಯ ಲೆಕ್ಕ ಬರೆದ ಪುಸ್ತಕ ಇರಬೇಕು.

ಈ ಪುಸ್ತಕಗಳು ಸಿಗುವುದಿಲ್ಲವೆಂದೇನೂ ಅಲ್ಲ. ಪಿಎಫ್ ಲೆಕ್ಕಕ್ಕೆ ಎಂದಾದರೂ ಬೇಕಾದೀತೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕಪಾಟಿನ ಮೇಲಿನ ತಟ್ಟಿನಲ್ಲಿ ಇಟ್ಟುಕೊಂಡ ಮುದುಕಿಯರು ಇನ್ನೂ ಇದ್ದಾರೆ. ಅವರನ್ನು ಕೇಳಿಕೊಂಡು ಹೋದ ಸಂಗ್ರಾಹಕರನ್ನು ಮಾತ್ರ ನಾವು ಇನ್ನೂ ಕಂಡಿಲ್ಲ.