ಟಿಪ್ಪಣಿ ಮೋಡದಲ್ಲಿ, ಕೀಲಿ ಮೊಬೈಲ್ ಅಂಗಡಿಯಲ್ಲಿ

ಚನ್ನಗಿರಿ ಕಡೆಯ ಅಡಿಕೆ ಖೇಣಿ (ತೋಟದ ಫಸಲನ್ನು ಗುತ್ತಿಗೆಗೆ ಕೊಡುವ) ವ್ಯವಹಾರದಲ್ಲಿ ಬರೆದಿಡಬೇಕಾದದ್ದು ಹೆಚ್ಚೇನಿಲ್ಲ. ಯಾವ ತಾರೀಖು, ಎಷ್ಟನೇ ಕೊಯ್ಲು, ಹಸಿ ಅಡಿಕೆ ಎಷ್ಟು ತೂಗಿತು, ಕ್ವಿಂಟಲ್‌ಗೆ ಎಷ್ಟು ಕೆ.ಜಿ. ಒಣ ಅಡಿಕೆ ಎಂದು ಮಾತಾಗಿತ್ತು, ಮುಂಗಡ ಎಷ್ಟು ಬಂತು. ಐದು ಸಾಲು, ಅಷ್ಟೆ. ಆದರೆ ಹನ್ನೆರಡು ಕೆ.ಜಿ.ಯೋ ಹದಿಮೂರೋ ಎಂಬಲ್ಲಿ ನೆನಪು ಜಾರಿದರೆ ನೂರು ಕ್ವಿಂಟಲ್ ಹಸಿ ಅಡಿಕೆಗೆ ಒಂದು ಕ್ವಿಂಟಲ್ ರಾಶಿ ಅಡಿಕೆಯೇ ಹೋಯಿತು. ಹಾಗಾಗಿ ಬರೆದಿಡುವ ಅಭ್ಯಾಸ ಇಲ್ಲಿ ಹೊಸದಲ್ಲ. ಹೊಸದಾಗಿರುವುದು ಬರೆಯುವ ಜಾಗ. ಅಂಗಿ ಜೇಬಿನ ಡೈರಿಯಲ್ಲಿದ್ದ ಆ ಐದು ಸಾಲು ಈಗ ಫೋನಿನ ಗೂಗಲ್ ಕೀಪ್‌ನಲ್ಲೋ ಸ್ಯಾಮ್ಸಂಗ್ ನೋಟ್ಸ್‌ನಲ್ಲೋ ಕೂತಿವೆ. ಕಾಲೇಜಿಗೆ ಹೋಗುವ ಮಗಳ ಟ್ಯಾಬ್‌ನಲ್ಲಿ ಕಾಣುತ್ತವೆ, ಬೆಂಗಳೂರಿನಲ್ಲಿರುವ ಮಗನ ಲ್ಯಾಪ್‌ಟಾಪ್‌ನಲ್ಲೂ ಕಾಣುತ್ತವೆ.

ಇಂಥ ಆ್ಯಪ್‌ಗಳ ಬಗ್ಗೆ ಬರುವ ಹೊಗಳಿಕೆಯೆಲ್ಲ ಬರೆಯುವ ಸುಖದ ಬಗ್ಗೆಯೇ ಇರುತ್ತದೆ: ಬಣ್ಣ, ಚೆಕ್ ಬಾಕ್ಸ್, ಧ್ವನಿ, ಪೆನ್ನು. ನನ್ನ ಅಳತೆಗೋಲು ಬೇರೆ. ಬರೆದದ್ದು ಎರಡು ವರ್ಷ ಬಿಟ್ಟು, ಜಗಳದ ದಿನ, ಪಂಚಾಯ್ತಿ ಕಟ್ಟೆಯ ಮೇಲೆ ಕೂತಾಗ ಕೈಗೆ ಸಿಗುತ್ತದೆಯೇ? ಈ ಪರೀಕ್ಷೆಯಲ್ಲಿ ದಾವಣಗೆರೆ ಜಿಲ್ಲೆಯ ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಟ್ಟಿಗೆ ಒಂದು ಆ್ಯಪೂ ಫಸ್ಟ್ ಕ್ಲಾಸಿನಲ್ಲಿ ಪಾಸಾಗುವುದಿಲ್ಲ. ತಪ್ಪು ಪೂರ್ತಿ ಆ್ಯಪಿನದೂ ಅಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಕೀಪ್ 2013ರ ಮಾರ್ಚ್‌ನಲ್ಲಿ ಬಂದಾಗ ಅದರಲ್ಲಿ ಹೆಚ್ಚಿಗೆ ಏನೂ ಇರಲಿಲ್ಲ, ಅದೇ ಅದರ ಗುಣವಾಯಿತು. ಅದರ ಲೇಬಲ್ ಎಂಬ ಸಣ್ಣ ಸೌಕರ್ಯ ನ್ಯಾಮತಿಯವರಿಗೆ ಹೇಳಿ ಮಾಡಿಸಿದಂತಿದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಒಂದೇ ಹೊಲದ ಕಾಗದಗಳಲ್ಲಿ ಅಜ್ಜನ ಕಾಲದ್ದು ಶಿವಮೊಗ್ಗ ಜಿಲ್ಲೆ ಹೊನ್ನಾಳಿ ತಾಲ್ಲೂಕು, ಅಪ್ಪನ ಕಾಲದ್ದು ದಾವಣಗೆರೆ ಜಿಲ್ಲೆ ಹೊನ್ನಾಳಿ ತಾಲ್ಲೂಕು, ಈಗಿನದ್ದು ನ್ಯಾಮತಿ. ಕಬ್ಬಿಣದ ಟ್ರಂಕಿನಲ್ಲಿ ಈ ಕಾಗದವನ್ನು ಒಂದು ಫೈಲಿಗಷ್ಟೇ ಹಾಕಲು ಬರುತ್ತದೆ. ಕೀಪ್‌ನಲ್ಲಿ ಒಂದೇ ಟಿಪ್ಪಣಿಗೆ ಮೂರು ಲೇಬಲ್ ಅಂಟಿಸಬಹುದು, ಸರ್ವೆ ನಂಬರನ್ನೇ ನಾಲ್ಕನೆಯದಾಗಿ ಮಾಡಬಹುದು. ಯಾವ ಹೆಸರು ನೆನಪಾದರೂ ಕಾಗದದ ಫೋಟೊ ಎದುರಿಗೆ ಬರುತ್ತದೆ.

ಜಗಳೂರಿನ ಮಳೆಯಾಶ್ರಿತ ಮೆಕ್ಕೆಜೋಳದ ರೈತನಿಗೂ ಇಂಥದ್ದೇ ಒಂದು ಉಪಯೋಗವಿದೆ. ಬೀಜ ಮೊಳೆಯದಿದ್ದರೆ ದೂರು ಕೊಡಲು ಬಿಲ್ಲೂ ಬೇಕು, ಚೀಲದ ಮೇಲಿನ ಲಾಟ್ ನಂಬರೂ ಬೇಕು. ಬಿತ್ತನೆಯ ಗಡಿಬಿಡಿಯಲ್ಲಿ ಚೀಲ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಎರಡನ್ನೂ ಅಂಗಡಿ ಮುಂದೆಯೇ ಫೋಟೊ ಹೊಡೆದು ಒಂದೇ ಟಿಪ್ಪಣಿಗೆ ಸೇರಿಸಿ, ಕೆಳಗೆ ಬಿತ್ತಿದ ದಿನ ಬರೆದರೆ ಅಷ್ಟೇ ಸಾಕು. ಗ್ಯಾಲರಿಯಲ್ಲಿ ಬಿಟ್ಟ ಫೋಟೊ ಮದುವೆ, ಜಾತ್ರೆಯ ಫೋಟೊಗಳ ನಡುವೆ ಕಳೆದುಹೋಗುತ್ತದೆ. ಟಿಪ್ಪಣಿಗೆ ಸೇರಿದ್ದಕ್ಕೆ ಒಂದು ಹೆಸರು, ಒಂದು ವಿಳಾಸ ಸಿಕ್ಕಿರುತ್ತದೆ. ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಫೋನಿನಲ್ಲಿ ಬರೆಯಲು ಅಡ್ಡಿಯಿಲ್ಲ, ಸಿಗ್ನಲ್ ಬಂದಾಗ ಉಳಿದ ಯಂತ್ರಗಳಿಗೆ ಹೋಗುತ್ತದೆ. ಕಂಪ್ಯೂಟರಿನ ಕತೆ ಹಾಗಲ್ಲ. ಕೀಪ್‌ನ ಕ್ರೋಮ್ ಆ್ಯಪನ್ನು ಗೂಗಲ್ 2021ರ ಫೆಬ್ರುವರಿಯಲ್ಲಿ ನಿಲ್ಲಿಸಿದ ಮೇಲೆ ಅಲ್ಲಿ ಇಂಟರ್ನೆಟ್ ಇಲ್ಲದೆ ಕೆಲಸ ಸಾಗುವುದಿಲ್ಲ.

ಇನ್ನು ಕೀಲಿಯ, ಅಂದರೆ ಈ ಆ್ಯಪ್ ತೆರೆಯುವ ಖಾತೆಯ ವಿಷಯ. ಆ್ಯಪ್ ವಿಮರ್ಶಕರು ಇದರ ಬಗ್ಗೆ ಬರೆದದ್ದನ್ನು ನಾನು ಕಂಡಿಲ್ಲ. ಅವರಿಗೆ ಇದು ಸಮಸ್ಯೆಯೇ ಅಲ್ಲವಲ್ಲ! ನಮ್ಮಲ್ಲಿ ಹೊಸ ಫೋನ್ ಕೊಂಡವನಿಗೆ ಜಿಮೇಲ್ ಖಾತೆ ತೆರೆದುಕೊಡುವವನು ಅಂಗಡಿಯ ಹುಡುಗ. ಹೆಸರಿನ ಮುಂದೆ ನಾಲ್ಕಾರು ಅಂಕಿ ಸೇರಿಸಿ ಒಂದು ವಿಳಾಸ, ಹುಡುಗನಿಗೇ ರೂಢಿಯಾದ ಒಂದು ಪಾಸ್‌ವರ್ಡ್, ಆಗ ಚಾಲ್ತಿಯಲ್ಲಿದ್ದ ಸಿಮ್‌ನ ನಂಬರು. ಗಿರಾಕಿಗೆ ಪ್ಲೇ ಸ್ಟೋರ್ ತೆರೆದುಕೊಂಡರೆ ಆಯಿತು, ವಿಳಾಸ ಏನೆಂದು ಕೇಳುವುದೂ ಇಲ್ಲ. ಎರಡು ವರ್ಷ ಆ ಫೋನಿನಲ್ಲಿ ಬರೆದ ಲೆಕ್ಕವೆಲ್ಲ ಮೋಡದಲ್ಲಿ (ಕ್ಲೌಡ್) ಭದ್ರವಾಗಿಯೇ ಇರುತ್ತದೆ. ಅಷ್ಟರಲ್ಲಿ ಫೋನ್ ಗದ್ದೆಯ ನೀರಿಗೆ ಬೀಳುತ್ತದೆ. ರೀಚಾರ್ಜ್ ಅಗ್ಗವೆಂದು ಸಿಮ್ ಬದಲಾಗಿರುತ್ತದೆ. ಬೇರೆ ಅಂಗಡಿಯ ಬೇರೆ ಹುಡುಗ ಹಳೆಯ ವಿಳಾಸ ವಿಚಾರಿಸುವ ಗೋಜಿಗೆ ಹೋಗದೆ ಇನ್ನೊಂದು ಖಾತೆ ತೆರೆಯುತ್ತಾನೆ. ಕೀಪ್ ತೆರೆದರೆ ಖಾಲಿ. "ಆ್ಯಪ್ ಸರಿಯಿಲ್ಲ ಬಿಡ್ರಿ, ಬರ್ದಿದ್ದೆಲ್ಲ ಹೋಯ್ತು" ಎಂಬ ತೀರ್ಪು ಅಲ್ಲೇ ಹೊರಬೀಳುತ್ತದೆ.

ಹೋಗಿರುವುದಿಲ್ಲ. ಕಂಪನಿಯ ಯಾವುದೋ ಗೋದಾಮಿನಲ್ಲಿ ಇರುತ್ತದೆ, ತೆಗೆಯುವವರಿಲ್ಲ. ಅದೂ ಶಾಶ್ವತವೇನಲ್ಲ. ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವುದಾಗಿ ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು, ಅದೇ ಡಿಸೆಂಬರ್‌ನಿಂದ ಆ ನಿಯಮ ಜಾರಿಗೆ ಬಂತು. ಸರ್ವರ್ ಸುಡುವುದು, ಹ್ಯಾಕರ್ ನುಗ್ಗುವುದು ಇಲ್ಲಿ ದೂರದ ಮಾತು. ನಮ್ಮ ಟಿಪ್ಪಣಿಗಳ ದೊಡ್ಡ ಶತ್ರು ಮರೆತ ಜಿಮೇಲ್ ವಿಳಾಸ. ಫೋನ್ ಕೊಂಡ ದಿನ ಆ ವಿಳಾಸ, ಪಾಸ್‌ವರ್ಡ್ ಎರಡನ್ನೂ ತಾನೇ ನಿಂತು ಬದಲಿಸಿಕೊಂಡು ಪಹಣಿ ಇಟ್ಟ ಜಾಗದಲ್ಲೇ ಚೀಟಿ ಇಡುವ ರೈತನಿಗೆ ಯಾವ ಆ್ಯಪ್ ಆದರೂ ನಡೆಯುತ್ತದೆ. ಅದನ್ನು ಮಾಡದವನಿಗೆ ಯಾವುದೂ ನಡೆಯದು.

ಕಂಪನಿಗಳ ಮಾತು ಬಂದದ್ದರಿಂದ ಎವರ್‌ನೋಟ್ ಕತೆಯನ್ನೂ ಹೇಳಬೇಕು. 2008ರಲ್ಲಿ ಎಲ್ಲರಿಗೂ ತೆರೆದುಕೊಂಡ ಈ ಆ್ಯಪ್ ಒಂದು ಕಾಲಕ್ಕೆ ಈ ಕ್ಷೇತ್ರದ ಯಜಮಾನ. ನೂರು ವರ್ಷ ಬಾಳುವ ಕಂಪನಿ ಕಟ್ಟುತ್ತೇವೆ ಎನ್ನುತ್ತಿದ್ದರು ಅದರ ಮುಖ್ಯಸ್ಥ ಫಿಲ್ ಲಿಬಿನ್. 2013ರ ಮಾರ್ಚ್‌ನಲ್ಲಿ ಕಳ್ಳರು ಒಳನುಗ್ಗಿ, ಸುಮಾರು 5 ಕೋಟಿ ಬಳಕೆದಾರರ ಪಾಸ್‌ವರ್ಡ್ ಬದಲಿಸಬೇಕಾಯಿತು. 2016ರಲ್ಲಿ ಉಚಿತ ಖಾತೆಯವರಿಗೆ ಎರಡೇ ಸಾಧನ ಎಂಬ ನಿಯಮ ಬಂತು. ಫೋನ್, ಟ್ಯಾಬ್, ಕಂಪ್ಯೂಟರ್ ಮೂರರಲ್ಲೂ ಬರೆಯುತ್ತಿದ್ದವನು ಒಂದನ್ನು ಬಿಡಬೇಕಾಯಿತು, ಇಲ್ಲವೇ ದುಡ್ಡು ಕಟ್ಟಬೇಕಾಯಿತು. ಆಮೇಲೆ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಅದನ್ನು ಕೊಂಡಿತು. 2023ರ ಡಿಸೆಂಬರ್‌ನಿಂದ ಉಚಿತ ಖಾತೆಗೆ ಐವತ್ತೇ ಟಿಪ್ಪಣಿ, ಒಂದೇ ನೋಟ್‌ಬುಕ್. ಹಳೆಯ ಟಿಪ್ಪಣಿಗಳನ್ನು ಕಿತ್ತುಕೊಳ್ಳಲಿಲ್ಲ, ನಿಜ. ಆದರೆ ಐವತ್ತೊಂದನೆಯದು ಬರೆಯಲು ಬಿಡಲಿಲ್ಲ. ಗೂಗಲ್ ಕೂಡ ಸಾಚಾ ಅಲ್ಲ: ಕೀಪ್‌ಗೆ ಮೊದಲು ಗೂಗಲ್ ನೋಟ್‌ಬುಕ್ ಎಂಬುದೊಂದಿತ್ತು, ಅದನ್ನು ತೆರೆದವರೇ ಮುಚ್ಚಿದರು. ಪುಕ್ಕಟೆ ಜಾಗದಲ್ಲಿ ಕಟ್ಟಿದ ಮನೆಗೆ ಬಾಡಿಗೆ ಕರಾರು ಯಾವಾಗ ಬೇಕಾದರೂ ಬರಬಹುದು ಎಂದುಕೊಂಡೇ ಬರೆಯಬೇಕು. ಟೇಕ್‌ಔಟ್ ಎಂಬ ಸೇವೆಯಿಂದ ಕೀಪ್‌ನ ಟಿಪ್ಪಣಿಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಬಹುದು, ಕನ್ನಡ ಅಕ್ಷರ ಕೆಡುವುದಿಲ್ಲ. ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ, ಮನೆಯ ಓದಿದ ಹುಡುಗರಿಗೆ ವಹಿಸಬೇಕಾದ ಕೆಲಸ ಇದು.

ಕನ್ನಡಕ್ಕೆ ಬಂದರೆ ಇನ್ನೊಂದು ತರಹದ ತೊಡಕು. ಹೊನ್ನಾಳಿಯ ಯಾವುದಾದರೂ ಶಾಲೆಯನ್ನೋ ಸೊಸೈಟಿಯನ್ನೋ ನೋಡಿ. ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಸಭೆಯ ನಡಾವಳಿ ಇರುತ್ತದೆ. ಅದನ್ನು ನಕಲು ಮಾಡಿ ಕೀಪ್‌ಗೋ ಮೈಕ್ರೋಸಾಫ್ಟ್‌ನ ಒನ್‌ನೋಟ್‌ಗೋ ಅಂಟಿಸಿ, ಫೋನಿನಲ್ಲಿ ತೆರೆಯಿರಿ. 'ಕನ್ನಡ' ಎಂದಿದ್ದ ಜಾಗದಲ್ಲಿ ಮೊದಲಿಗೆ ಒಂದು 'ಪಿ', ತಲೆ ಮೇಲೆ ಗೀಟು ಹೊತ್ತ ಮೂರು 'ಎ', ನಡುವೆ ಒಂದು ಪೌಂಡ್ ಚಿಹ್ನೆ. ಕಾರಣ ಸರಳ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿತ್ತು, ಫಾಂಟು ಇಲ್ಲದ ಫೋನಿನಲ್ಲಿ ವೇಷ ಕಳಚಿತು. ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯುನಿಕೋಡ್ ಸಂಕೇತ ಬಂದು ದಶಕಗಳಾದವು. ವಿಂಡೋಸ್ ಎಕ್ಸ್‌ಪಿ ಜತೆಗೇ, 2001ರಲ್ಲಿ, ಮೈಕ್ರೋಸಾಫ್ಟ್ 'ತುಂಗಾ' ಹೆಸರಿನ ಕನ್ನಡ ಫಾಂಟ್ ಕೊಟ್ಟಿತ್ತು. ತುಂಗಭದ್ರೆಯ ದಡದ ಊರಿನ ಕಚೇರಿಗಳಲ್ಲೂ ಆ ತುಂಗೆಯನ್ನು ಕೇಳಿದವರಿಲ್ಲ. ನುಡಿಯ ಹೊಸ ಆವೃತ್ತಿಗಳಲ್ಲಿ ಯುನಿಕೋಡ್ ಇದೆ, ಬಳಸುವವರ ಬೆರಳಿಗೆ ಹಳೆಯದೇ ರೂಢಿ.

ಯುನಿಕೋಡ್‌ನಲ್ಲೇ ಬರೆದರೂ ಹುಡುಕುವಾಗ ಸಂಕಟ ತಪ್ಪದು. ಆ್ಯಪ್‌ಗಳ ಹುಡುಕಾಟ ಸಾಮಾನ್ಯವಾಗಿ ಅಕ್ಷರಕ್ಕೆ ಅಕ್ಷರ ಹೊಂದಿಸುತ್ತದೆ. ಕನ್ನಡದ ಪದ ವಿಭಕ್ತಿ ಹತ್ತಿದೊಡನೆ ಬಾಲ ಬದಲಿಸುತ್ತದೆ. 'ಕೊಯ್ಲು' ಎಂದು ಹುಡುಕಿದರೆ 'ಎರಡನೇ ಕೊಯ್ಲಿನ ತೂಕ' ಎಂದು ಬರೆದ ಟಿಪ್ಪಣಿ ಸಿಗುವುದಿಲ್ಲ. 'ಕಂತು' ಎಂದರೆ 'ಕಂತಿನ ಹಣ' ಸಿಗದು, 'ಆಳು' ಎಂದರೆ 'ಆಳಿಗೆ ಕೊಟ್ಟಿದ್ದು' ಸಿಗದು. ಕೊನೆಯ ಸ್ವರ ಕಿತ್ತು 'ಕೊಯ್ಲ', 'ಕಂತ', 'ಆಳ' ಎಂದು ಹುಡುಕುವ ಉಪಾಯ ಬಹುಮಟ್ಟಿಗೆ ಕೆಲಸ ಮಾಡುತ್ತದೆ, ಆದರೆ ಅದನ್ನು ಯಾವ ಆ್ಯಪೂ ಹೇಳಿಕೊಡುವುದಿಲ್ಲ. 'ಕ್ವಿಂಟಲ್‌ಗೆ' ಎಂಬುದರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಫೋನಿನ ಕೀಲಿಮಣೆ ಅದನ್ನು ಹಾಕಿ, ಕಂಪ್ಯೂಟರಿನದು ಹಾಕದಿದ್ದರೆ ಎರಡೂ ಬೇರೆ ಬೇರೆ ಪದವೆಂದು ಯಂತ್ರ ತಿಳಿಯುವುದುಂಟು. ಅಡಿಕೆ ಎಂದು ಒಬ್ಬ, ಅಡಕೆ ಎಂದು ಇನ್ನೊಬ್ಬ. ಒಂದೇ ಮನೆಯ ಅಪ್ಪ, ಮಗ ಹಂಚಿಕೊಂಡ ಟಿಪ್ಪಣಿಯಲ್ಲಿ ಎರಡೂ ಇರುತ್ತವೆ.

ಧ್ವನಿಯಲ್ಲಿ ಬರೆಸುವುದು ಇದಕ್ಕೆ ಪರಿಹಾರ ಎನ್ನುವವರಿದ್ದಾರೆ. 2017ರಲ್ಲಿ ಗೂಗಲ್ ಕನ್ನಡದ ಧ್ವನಿ ಬರಹ ತಂದದ್ದು ದೊಡ್ಡ ಉಪಕಾರವೇ. ಟೈಪಿಂಗ್ ಬಾರದ ಹಿರಿಯರು ತೋಟದ ಬದುವಿನಲ್ಲಿ ನಿಂತು ಹೇಳಿ ಬರೆಸಬಹುದು. ಆದರೆ ಅದು ಪುಸ್ತಕದ ಕನ್ನಡವನ್ನು ಕೇಳಿದಷ್ಟು ಚೆನ್ನಾಗಿ ಗೊರಬಲು, ಬೆಟ್ಟೆ, ಸರಕು ಎಂಬ ಅಡಿಕೆ ಮಾರುಕಟ್ಟೆಯ ಮಾತನ್ನು ಕೇಳುವುದಿಲ್ಲ. ಮೊತ್ತವನ್ನು ಒಮ್ಮೆ ಅಂಕಿಯಲ್ಲೂ ಒಮ್ಮೆ ಅಕ್ಷರದಲ್ಲೂ ಇಳಿಸುತ್ತದೆ. ಅಂಕಿಯಲ್ಲಿದ್ದರೂ ಕೀಪ್ ಅದನ್ನು ಕೂಡುವುದಿಲ್ಲ, ಅದು ಲೆಕ್ಕದ ಪುಸ್ತಕವಲ್ಲ. ಬಟವಾಡೆಯ ದಿನ ಕ್ಯಾಲ್ಕುಲೇಟರ್ ಹಿಡಿದು ಮತ್ತೆ ಎಲ್ಲವನ್ನೂ ಒತ್ತಬೇಕು. ಆಳಿನ ಲೆಕ್ಕಕ್ಕೆ ಗೂಗಲ್ ಶೀಟ್ಸ್ ಬಳಸಿ ಎಂದರೆ, ಅಷ್ಟು ಅಂಕಣಗಳನ್ನು ಫೋನಿನ ಪರದೆಯಲ್ಲಿ ನೋಡಲು ಹೋದವರು ಮರುದಿನ ಡೈರಿಗೆ ವಾಪಸ್.

ಹಂಚಿಕೊಂಡ ಟಿಪ್ಪಣಿಯ ದೊಡ್ಡ ಕೊರತೆ ಇರುವುದು ತಿದ್ದುಪಡಿಯಲ್ಲಿ. ಡೈರಿಯಲ್ಲಿ 13 ಹೊಡೆದು 12 ಮಾಡಿದರೆ ಹೊಡೆದ ಗೆರೆ ಉಳಿಯುತ್ತದೆ, ಶಾಯಿಯ ಬಣ್ಣ ಉಳಿಯುತ್ತದೆ, ಯಾರ ಕೈಬರಹ ಎಂದು ಇಡೀ ಮನೆಗೆ ಗೊತ್ತಾಗುತ್ತದೆ. ಪರದೆಯಲ್ಲಿ 13 ಇದ್ದ ಜಾಗದಲ್ಲಿ 12 ನಗುತ್ತಾ ಕೂತಿರುತ್ತದೆ. ಒನ್‌ನೋಟ್ ಇಬ್ಬರು ಏಕಕಾಲಕ್ಕೆ ತಿದ್ದಿದಾಗ ಎರಡು ಪ್ರತಿ ಇಟ್ಟು ಗೊಂದಲವಿದೆ ಎಂದಾದರೂ ಎಚ್ಚರಿಸುತ್ತದೆ. ಹಾಗೆ ನೋಡಿದರೆ ಅಳಿಸಿ ಬರೆಯುವ ಲೆಕ್ಕ ಹಿಂದೆಯೂ ಇತ್ತು: ಶೃಂಗೇರಿ ಮಠದ ಹಳೆಯ ಲೆಕ್ಕಗಳು ಉಳಿದಿರುವುದು ಕಡತಗಳಲ್ಲಿ. ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದ ಬರಹ. ಅಳಿಸಿ ಮತ್ತೆ ಬರೆಯಬಹುದಾದ ವಸ್ತುವೇ ಅದು. ಆದರೂ ಉಳಿಯಿತು, ಏಕೆಂದರೆ ಅದನ್ನು ಮಡಿಚಿಡಲು, ಕಾಯಲು ಒಂದು ಸಂಸ್ಥೆ ಇತ್ತು. ನಮ್ಮ ಫೋನಿನ ಟಿಪ್ಪಣಿಯನ್ನು ಕಾಯುವ ಹೊಣೆ ಯಾರದೆಂದು ಮನೆಯಲ್ಲಿ ತೀರ್ಮಾನವೇ ಆಗಿಲ್ಲ.

ಇಷ್ಟೆಲ್ಲದರ ನಡುವೆ ನಾಲ್ಕೂ ತಾಲ್ಲೂಕಿನಲ್ಲಿ ನಿಜವಾಗಿ ಗೆದ್ದಿರುವ ಟಿಪ್ಪಣಿ ಆ್ಯಪ್ ವಾಟ್ಸ್ಆ್ಯಪ್. ತಮ್ಮೊಬ್ಬರದೇ ಗುಂಪು ಕಟ್ಟಿಕೊಂಡು ಅದರಲ್ಲಿ ಬಿಲ್ಲು, ಧ್ವನಿ ತುಣುಕು ಹಾಕಿಡುವ ಚಾಳಿ ಜನರಲ್ಲಿ ಮೊದಲೇ ಇತ್ತು. 2022ರ ಕೊನೆಗೆ ಕಂಪನಿಯೇ ತನಗೆ ತಾನೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ ಕೊಟ್ಟಿತು. ಅದಕ್ಕೆ ಜಿಮೇಲ್ ಪಾಸ್‌ವರ್ಡ್ ನೆನಪಿರಬೇಕಿಲ್ಲ, ಸಿಮ್ ಇದ್ದರೆ ಸಾಕು, ತಾರೀಖು ತಾನಾಗಿ ಬೀಳುತ್ತದೆ. ಭದ್ರಾ ನಾಲೆಗೆ ನೀರು ಬಿಡುವ ದಿನದ ಪ್ರಕಟಣೆ ಬರುವುದೂ ಅಲ್ಲಿಗೇ, ಬೆರಳೊತ್ತಿ ತನಗೇ ಕಳಿಸಿಕೊಂಡರೆ ಟಿಪ್ಪಣಿ ಆಯಿತು. ನೋಟ್ ಆ್ಯಪ್ ತಜ್ಞರು ಇದನ್ನು ಕೇಳಿ ಮೂಗು ಮುರಿಯಬಹುದು. ಬ್ಯಾಕಪ್ ಇಲ್ಲದೆ ಫೋನ್ ಹೋದರೆ ಇಲ್ಲೂ ಗತಿ ಅದೇ. ಹಾಗಿದ್ದೂ ಜನ ಆರಿಸಿಕೊಂಡದ್ದರಲ್ಲಿ ತರ್ಕವಿದೆ: ದಿನಕ್ಕೆ ಇಪ್ಪತ್ತು ಸಲ ತೆರೆಯುವ ಜಾಗದಲ್ಲಿ ಇಟ್ಟದ್ದು ಕಣ್ಣಿಗೆ ಬೀಳುತ್ತದೆ.

ನನ್ನ ತೀರ್ಪು ಹೀಗೆ. ಬೀಜದ ಬಿಲ್ಲು, ಕಾಗದದ ಫೋಟೊ, ಸಂತೆಯ ಪಟ್ಟಿ, ನಾಲೆಯ ದಿನ ಇವಕ್ಕೆ ಕೀಪ್ ಸಾಕು. ದುಡ್ಡಿನ ಮಾತುಕತೆಗೆ ಡೈರಿಯೇ ಮೂಲ ಪ್ರತಿ, ಎರಡೂ ಕಡೆಯವರ ಸಹಿ ಇರುವ ಪುಟದ ಫೋಟೊ ಮಾತ್ರ ಮೋಡಕ್ಕೆ. ಎಟಿಎಂ ಪಿನ್, ಆಧಾರ್ ಫೋಟೊಗಳನ್ನು ಕೀಪ್‌ಗೆ ಹಾಕಿಡುವುದು ಬೇಡವೇ ಬೇಡ. ಅಲ್ಲಿ ಪ್ರತಿ ಟಿಪ್ಪಣಿಗೆ ಬೇರೆ ಬೀಗವಿಲ್ಲ, ಫೋನ್ ಬಿಚ್ಚಿದವನಿಗೆ ಎಲ್ಲವೂ ಬಿಚ್ಚಿದಂತೆ. ಇನ್ನೊಂದು ಬಾಕಿ ಉಳಿಯಿತು. ಬ್ಯಾಂಕಿನಲ್ಲಿ ಖಾತೆ ತೆರೆದ ದಿನವೇ ನಾಮಿನಿ ಯಾರು ಎಂದು ಕೇಳುತ್ತಾರೆ, ಮೊಬೈಲ್ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಗೂಗಲ್ ಖಾತೆಯ ಸೆಟ್ಟಿಂಗ್‌ಗಳ ಒಳಗೆ, ಖಾತೆ ಇಷ್ಟು ತಿಂಗಳು ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕು, ಏನೇನು ಕೊಡಬೇಕು ಎಂದು ಬರೆದಿಡುವ ಏರ್ಪಾಡು 2013ರಿಂದಲೂ ಇದೆ. ಮೂರು ತಿಂಗಳಿಂದ ಹದಿನೆಂಟು ತಿಂಗಳವರೆಗೆ ಗಡುವು ಇಡಬಹುದು, ಹತ್ತು ಜನರ ಹೆಸರು ಕೊಡಬಹುದು. ಖೇಣಿಯ ಲೆಕ್ಕ ಫೋನಿನಲ್ಲಿಟ್ಟಿರುವ ಮನೆಗಳಲ್ಲಿ ಅದನ್ನು ತುಂಬಲು ಹತ್ತು ನಿಮಿಷ ಸಾಕು, ಅಂಗಡಿ ಹುಡುಗನ ಪಾಸ್‌ವರ್ಡ್ ಒಂದು ಗೊತ್ತಿದ್ದರೆ.